ಎಂಟ್ರಿ ಮಾಡೋದೇ ಕೆಲಸ ಆಗಿಹೋಗಿದೆ, ಪಾಠ ಯಾವಾಗ ಮಾಡೋದು?

ಹಳ್ಳಿಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ತುಮಕೂರು ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಗಣಿತ, ಪರಿಸರ ಅಧ್ಯಯನ ತೆಗೆದುಕೊಳ್ಳುತ್ತೇನೆ. ಸಂಬಳ, ವರ್ಗಾವಣೆ ಅಂತ ಗೋಳು ಹೇಳಿಕೊಳ್ಳೋಕೆ ಬಂದಿಲ್ಲ. ಬೇರೆ ವಿಷಯ.

ನಾಲ್ಕನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಅವಳ ಅಮ್ಮ ಸಂತೆಯಲ್ಲಿ ಹೂ ಮಾರುತ್ತಾರೆ. ರಜೆ ದಿನ ಇವಳೂ ಜೊತೆಗೆ ಕೂರುತ್ತಾಳೆ. ಪರೀಕ್ಷೆಯಲ್ಲಿ 52ರಿಂದ 27 ಕಳೆ ಅಂದರೆ 35 ಅಂತ ಬರೆಯುತ್ತಾಳೆ. 2ರಿಂದ 7 ಹೋಗಲ್ಲ ಅಲ್ವಾ, ಅದಕ್ಕೆ ತಿರುಗಿಸಿ 7ರಿಂದ 2 ಕಳೆದು 5 ಇಟ್ಟುಬಿಡುತ್ತಾಳೆ. ದಶಕದಿಂದ ಸಾಲ ತಗೊಳ್ಳೋದು ಅವಳಿಗೆ ಇನ್ನೂ ಹತ್ತಿಲ್ಲ. ಅದೇ ಹುಡುಗಿಗೆ, 'ಹೂವಿಗೆ 27 ರೂಪಾಯಿ, ಅವರು 52 ಕೊಟ್ಟರು, ಚಿಲ್ಲರೆ ಎಷ್ಟು ಕೊಡ್ತೀಯಾ?' ಅಂತ ಬಾಯಲ್ಲಿ ಕೇಳಿ. 'ಇಪ್ಪತ್ತೇಳಕ್ಕೆ ಮೂರು ಹಾಕಿದ್ರೆ ಮೂವತ್ತು, ಅಲ್ಲಿಂದ ಇಪ್ಪತ್ತೆರಡು. ಇಪ್ಪತ್ತೈದು ಕೊಡ್ಬೇಕು ಸಾ' ಅಂತಾಳೆ. ಬೆರಳೂ ಮಡಚಲ್ಲ.

ಲೆಕ್ಕ ಅವಳ ತಲೆಯಲ್ಲಿದೆ, ಹಾಳೆಗೆ ಇಳಿದಿಲ್ಲ ಅಷ್ಟೇ. ಇಳಿಸೋಕೆ ನನಗೆ ಒಂದು ವಾರ ಕೊಟ್ಟರೆ ಸಾಕು. ಆದರೆ ವಾರ್ಷಿಕ ಪಾಠ ಹಂಚಿಕೆ ಪ್ರಕಾರ ವ್ಯವಕಲನ ಮುಗಿದುಹೋಗಿದೆ, ಗುಣಾಕಾರ ಶುರುವಾಗಿರಬೇಕು. ಇಲ್ಲದಿದ್ದರೆ ಭೇಟಿಗೆ ಬಂದವರು ಕೇಳುವ ಮೊದಲ ಪ್ರಶ್ನೆಯೇ 'ಪಾಠ ಎಲ್ಲಿಗೆ ಬಂತು?' ಅಂತ. ಮಕ್ಕಳು ಎಲ್ಲಿಗೆ ಬಂದಿದ್ದಾರೆ ಅಂತ ಯಾರೂ ಕೇಳಲ್ಲ.

ಇನ್ನು ಎಂಟ್ರಿ. ವರ್ಷಕ್ಕೆ ನಾಲ್ಕು ಎಫ್‌ಎ (ನಡುನಡುವಿನ ಸಣ್ಣ ಮೌಲ್ಯಮಾಪನ), ಎರಡು ಎಸ್‌ಎ (ಅವಧಿ ಕೊನೆಯ ಪರೀಕ್ಷೆ) ಮೊದಲಿಂದ ಇದ್ದವು. ಈಗ ಪಾಠ ಮುಗಿದ ಕೂಡಲೇ ಪಾಠ ಆಧಾರಿತ ಮೌಲ್ಯಮಾಪನ ಬೇರೆ. ಪ್ರತಿ ಮಗು, ಪ್ರತಿ ವಿಷಯ, ಪ್ರತಿ ಪಾಠ. ಉತ್ತರ ಪತ್ರಿಕೆ ತಿದ್ದು, ಅಂಕವಹಿಗೆ ಬರಿ, ಪೋರ್ಟಲ್‌ಗೆ ಏರಿಸು. ನಡುವೆ ಮೊಟ್ಟೆ ಎಷ್ಟು ಮಕ್ಕಳಿಗೆ, ಬಾಳೆಹಣ್ಣು ಎಷ್ಟು ಮಕ್ಕಳಿಗೆ, ಅಪಾರ್ ಐಡಿ (ಪ್ರತಿ ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಎಷ್ಟು ಬಾಕಿ. ಆಧಾರ್‌ನಲ್ಲಿ ಮಂಜುನಾಥ, ದಾಖಲಾತಿ ಪುಸ್ತಕದಲ್ಲಿ ಮಂಜುನಾಥ್. ಕನ್ನಡದಲ್ಲಿ ಯಾರಿಗೂ ತಕರಾರಿಲ್ಲ, ಇಂಗ್ಲಿಷ್ ಕಾಗುಣಿತ ಹೊಂದಲ್ಲ ಅಂತ ಕಂಪ್ಯೂಟರ್ ಒಪ್ಪಲ್ಲ.

ಕೆಲಸ ಜಾಸ್ತಿ ಅನ್ನೋದು ನನ್ನ ಸಿಟ್ಟಲ್ಲ. ಇಷ್ಟೆಲ್ಲ ಅಂಕಿ ಮೇಲೆ ಹೋಗುತ್ತವಲ್ಲ, ಅದರಿಂದ ಒಂದೇ ಒಂದು ಉಪಯೋಗದ ಮಾತು ಇವತ್ತಿನವರೆಗೆ ನನ್ನ ತರಗತಿಗೆ ವಾಪಸ್ ಬಂದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಬಂದಿದೆಯಾ? ನಿಜವಾಗಿಯೂ ಕೇಳುತ್ತಿದ್ದೇನೆ.

ನೇರಳೆಮರ

ಬಂದಿದೆ ಸರ್. 'ನಿಮ್ಮ ಶಾಲೆಯ ಎಂಟ್ರಿ ಶೇ 100 ಆಗಿಲ್ಲ' ಅಂತ ಗ್ರೂಪಲ್ಲಿ ಕೆಂಪು ಬಣ್ಣದ ಎಕ್ಸೆಲ್ ಬಂದಿದೆ 😄

ಜಯನಗರದ ಅಪ್ಪ

ಮೇಷ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ, ಸ್ವಲ್ಪ ಎದುರು ಮಾತಾಡುತ್ತೇನೆ. ನಾನು ಸಾಫ್ಟ್‌ವೇರ್‌ನಲ್ಲಿರೋನು, ಓದಿದ್ದು ಹಳ್ಳಿ ಶಾಲೆಯಲ್ಲೇ. ನಮ್ಮ ಕಾಲದಲ್ಲಿ ಯಾವ ಮಗುವಿಗೆ ಓದೋಕೆ ಬರುತ್ತೆ, ಯಾರಿಗೆ ಬರಲ್ಲ ಅನ್ನೋದಕ್ಕೆ ಲೆಕ್ಕವೇ ಇರಲಿಲ್ಲ. ಹಿಂದಿನ ಬೆಂಚಿನವರು ಏಳನೇ ಕ್ಲಾಸ್‌ವರೆಗೂ ಅಕ್ಷರ ಕೂಡಿಸೋಕೆ ಬಾರದೆ ಹಾಗೇ ಕೂತು ಎದ್ದು ಹೋದರು. ಹಳ್ಳಿ ಮಕ್ಕಳ ಓದು-ಲೆಕ್ಕ ನೋಡುವ ಅಸರ್ ಸಮೀಕ್ಷೆ 2005ರಿಂದ ಐದನೇ ಕ್ಲಾಸಿನ ಎಷ್ಟೋ ಮಕ್ಕಳು ಎರಡನೇ ಕ್ಲಾಸಿನ ಪಾಠ ಓದಲಾರರು ಅಂತ ಬಿಡದೆ ಹೇಳಿದ್ದಕ್ಕೇ ಅಲ್ವಾ ದೇಶಕ್ಕೆ ಈ ವಿಷಯ ಗೊತ್ತಾಗಿದ್ದು? ಅಂಕಿ ಇಲ್ಲದಿದ್ದರೆ ಸರ್ಕಾರ 'ಎಲ್ಲ ಚೆನ್ನಾಗಿದೆ' ಅಂದುಬಿಡುತ್ತೆ.

ಇನ್ನೊಂದು ಮಾತು. ನಿಮ್ಮಂಥ ಮೇಷ್ಟ್ರು ಇದ್ದರೆ ಯಾವ ಪೋರ್ಟಲ್ಲೂ ಬೇಡ. ಆದರೆ ಎಲ್ಲರೂ ನಿಮ್ಮಂಥವರಲ್ಲ. ತರಗತಿಗೇ ಹೋಗದವರನ್ನು ಹಿಡಿಯೋದು ಹೇಗೆ?

ಹಳ್ಳಿಮೇಷ್ಟ್ರು

ಬೇಜಾರೇನಿಲ್ಲ ಸರ್. ಅಸರ್ ಹೆಸರು ತೆಗೆದದ್ದು ಒಳ್ಳೇದಾಯ್ತು. ಅವರು ಹೇಗೆ ಮಾಡುತ್ತಾರೆ ನೋಡಿ. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಮಗುವಿನ ಮನೆಗೇ ಹೋಗಿ, ಪಕ್ಕ ಕೂತು, ಒಂದು ಹಾಳೆ ಕೊಟ್ಟು ಓದಿಸುತ್ತಾರೆ. ಅಕ್ಷರ ಬರುತ್ತಾ, ಪದ ಬರುತ್ತಾ, ಸಣ್ಣ ಪ್ಯಾರಾ ಬರುತ್ತಾ, ಕಥೆ ಬರುತ್ತಾ, ಅಷ್ಟೇ. ಬರೆದುಕೊಳ್ಳುವವನಿಗೆ ಆ ಅಂಕಿ ಹೆಚ್ಚಾದರೂ ಕಡಿಮೆಯಾದರೂ ಏನೂ ಆಗಬೇಕಿಲ್ಲ. ಎಲ್ಲ ಮಕ್ಕಳನ್ನೂ ಅಳೆಯಲ್ಲ, ಎಲ್ಲ ವಾರವೂ ಅಳೆಯಲ್ಲ. ಮಾದರಿ ಸಾಕು ಅವರಿಗೆ. ಅನ್ನ ಬೆಂದಿದೆಯಾ ನೋಡೋಕೆ ಎರಡು ಅಗುಳು ಹಿಸುಕಿದರೆ ಆಯ್ತಲ್ಲ.

ನಮ್ಮದು ಉಲ್ಟಾ. ನನ್ನ ಮಕ್ಕಳಿಗೆ ನಾನೇ ಅಂಕ ಹಾಕಬೇಕು, ಆ ಅಂಕ ನೋಡಿ ನನ್ನನ್ನೇ ಅಳೆಯುತ್ತಾರೆ. 'ಸಿ' ಗ್ರೇಡ್ ಜಾಸ್ತಿ ಬಂದರೆ ಕಾರಣ ಬರೆದು ಕೊಡಿ ಅಂತಾರೆ. 'ಬಿ' ಹಾಕಿದರೆ ಯಾರೂ ಏನೂ ಕೇಳಲ್ಲ. ಇನ್ನು ಮುಂದಿಂದು ನೀವೇ ಯೋಚಿಸಿ. ತರಗತಿಗೆ ಹೋಗದ ಮೇಷ್ಟ್ರ ಎಂಟ್ರಿ ನಮ್ಮೆಲ್ಲರಿಗಿಂತ ಮೊದಲು ಮುಗಿದಿರುತ್ತೆ. ಪಾಠ ಮಾಡುವವನಿಗೇ ಅಲ್ವಾ ಟೈಮ್ ಸಾಲದಿರೋದು?

ಕೋಟೆ ಟೀಚರಮ್ಮ

ನಿವೃತ್ತಿಯಾಗಿ ಆರಾಮಾಗಿದ್ದೇನೆ. ಆದರೂ ಇದನ್ನು ಓದಿ ಸುಮ್ನಿರೋಕೆ ಆಗಲಿಲ್ಲ.

ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ನಲಿ-ಕಲಿ (ಮಗು ಕಾರ್ಡು ಹಿಡಿದು ತನ್ನ ವೇಗದಲ್ಲಿ ಕಲಿಯುವ ಪದ್ಧತಿ) ಶುರುವಾದಾಗ ನಾನು ಅಲ್ಲೇ ಇದ್ದೆ. ಆಂಧ್ರದ ರಿಷಿವ್ಯಾಲಿ ಸುತ್ತಮುತ್ತಲ ಪುಟ್ಟ ಹಳ್ಳಿ ಶಾಲೆಗಳನ್ನು ನೋಡಿಕೊಂಡು ಬಂದ ನಮ್ಮ ಮೇಷ್ಟ್ರುಗಳೇ ಕೂತು ಕಾರ್ಡು ಮಾಡಿದ್ದು. ಯುನಿಸೆಫ್ ನೆರವಿತ್ತು. ಮೇಲಿಂದ ಬಂದ ಯೋಜನೆ ಅನ್ನಿಸಲೇ ಇಲ್ಲ ನಮಗೆ. ಮಗು ತನ್ನ ಮೈಲಿಗಲ್ಲು ಎಲ್ಲಿದೆ ಅಂತ ಕಲಿಕಾ ಏಣಿಯಲ್ಲಿ ತಾನೇ ನೋಡಿಕೊಂಡು, ತನ್ನ ಕಾರ್ಡು ತಾನೇ ತೆಗೆದುಕೊಂಡು, ತಟ್ಟೆಗೆ ಹೋಗಿ ಕೂರುತ್ತಿತ್ತು. ಶಿಕ್ಷಕರ ಸಹಾಯದ ತಟ್ಟೆ, ಗೆಳೆಯರ ಸಹಾಯದ ತಟ್ಟೆ, ಸ್ವಕಲಿಕೆ ತಟ್ಟೆ ಹೀಗೆ. ಹೊರಗಿನವರಿಗೆ ತಿಳಿಯಲಿ ಅಂತ ಹೇಳುತ್ತೇನೆ: ತಟ್ಟೆ ಅಂದರೆ ಊಟದ್ದಲ್ಲ, ಗುಂಪು. ಜ್ವರ ಬಂದು ಮಗು ಒಂದು ವಾರ ಬರದಿದ್ದರೆ, ಬಿಟ್ಟ ಕಾರ್ಡಿನಿಂದಲೇ ಮುಂದುವರಿಸುತ್ತಿತ್ತು. ಸುಗ್ಗಿಯಲ್ಲಿ ಹೊಲಕ್ಕೆ ಹೋದ ಮಗು, ಕಾಡಂಚಿನ ಬುಡಕಟ್ಟು ಹಾಡಿಯಿಂದ ಬರುವ ಮಗು, ಯಾರಿಗೂ 'ನೀನು ಹಿಂದೆ ಬಿದ್ದೆ' ಅನ್ನುವ ಮಾತೇ ಇರಲಿಲ್ಲ. ಪ್ರಗತಿ ನೋಟದಲ್ಲಿ ಮಗು ಮುಗಿಸಿದ ದಿನ ಗುರುತು ಹಾಕುತ್ತಿದ್ದೆವು. ಅದೂ ದಾಖಲೆಯೇ. ಆದರೆ ಅದು ಗೋಡೆ ಮೇಲಿತ್ತು, ನನಗೆ ಬೇಕಿತ್ತು, ದಿನಾ ನೋಡುತ್ತಿದ್ದೆ.

2009-10ರಲ್ಲಿ ರಾಜ್ಯಕ್ಕೆಲ್ಲ ಬಂತು. ಅಷ್ಟು ದೊಡ್ಡದಾದಾಗ ಒಂದಷ್ಟು ಕೆಟ್ಟಿತು. ಕಾರ್ಡು ತಡವಾಗಿ ಬಂದವು, ಒಂದೇ ಕೋಣೆಯಲ್ಲಿ ಮಕ್ಕಳು ಜಾಸ್ತಿ ಆದರು, ತರಬೇತಿ ಕಾಟಾಚಾರವಾಯಿತು. ಕೊನೆಗೆ ಈ ತಿಂಗಳಿಗೆ ಇಷ್ಟನೇ ಮೈಲಿಗಲ್ಲು ಆಗಿರಬೇಕು ಅಂತ ಶುರುವಾಯಿತು. ಅವರವರ ವೇಗದಲ್ಲಿ ಕಲಿಯಲಿ ಅಂತ ಮಾಡಿದ ಏಣಿಗೆ ಗಡುವು ಹಾಕಿದರೆ ಅದು ಯಾಕೆ ಬೇಕು? ಕೆಲವರು ಸಂಜೆ ಕೂತು ಪ್ರಗತಿ ನೋಟವನ್ನು ಒಟ್ಟಿಗೇ ತುಂಬಿಸಿಬಿಡುತ್ತಿದ್ದರು.

ಇನ್ನೊಂದು ತೊಂದರೆ ಮೊದಲಿಂದಲೂ ಇತ್ತು, ಅದನ್ನೂ ಹೇಳಬೇಕು. ಮೂರನೇ ತರಗತಿವರೆಗೆ ತನ್ನ ಪಾಡಿಗೆ ಕಲಿತ ಮಗು ನಾಲ್ಕಕ್ಕೆ ಬಂದ ಕೂಡಲೇ ಎಲ್ಲರಿಗೂ ಒಂದೇ ಪುಟ. ನಿಮ್ಮ ಹೂವಿನ ಹುಡುಗಿ ಸಿಕ್ಕಿಕೊಂಡಿರೋದು ಅಲ್ಲೇ ಇರಬೇಕು ಮೇಷ್ಟ್ರೇ.

ಯಾದಗಿರಿಯವ

ಪ್ರೌಢಶಾಲೆ ಕಡೆಯಿಂದ ನಾನೂ ಸ್ವಲ್ಪ ಹೇಳ್ತೀನ್ರಿ. ನಿಮ್ಮದು ಎಂಟ್ರಿ ತಾಪ, ನಮ್ಮದು ರ್‍ಯಾಂಕಿಂಗ್ ತಾಪ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಟಿವಿಯವರು ಎರಡೇ ಸುದ್ದಿ ಹೇಳ್ತಾರ: ಮೊದಲ ಸ್ಥಾನ ಯಾರು, ಕೊನೆ ಸ್ಥಾನ ಯಾರು. 2023ರಲ್ಲಿ ನಾವು ಕೊನೆ, ಪಾಸಾದವರು ಶೇ 75.49. 2024ರಲ್ಲಿ ಮತ್ತ ನಾವೇ ಕೊನೆ, 50.59. ಉಡುಪಿ 94. ಉಡುಪಿಯವರ ಮ್ಯಾಲೆ ನನಗೇನು ಹೊಟ್ಟೆಕಿಚ್ಚಿಲ್ಲ. ಆದರ ನಮ್ಮ ಮಕ್ಕಳು ಹತ್ತಿ ಬಿಡಿಸುವ ಟೈಮಿಗೆ ಹೊಲದಾಗ ಇರ್ತಾರ. ಅವರ ಅವ್ವ-ಅಪ್ಪ ಬೆಂಗಳೂರಿಗೆ ಗುಳೆ ಹೋದರ, ತಮ್ಮ-ತಂಗಿ ನೋಡಿಕೊಳ್ಳಾಕ ಇವರೂ ಹೋಗ್ತಾರ. ಬರಿ ಹೆಸರು ರಿಜಿಸ್ಟರ್‌ದಾಗ ಇರ್ತದ. ಆ ಕೋಷ್ಟಕದಾಗ ಇದಕ್ಕ ಕಾಲಮ್ಮೇ ಇಲ್ಲ.

ಅಂಕಿ ಎಷ್ಟು ನಂಬಬೇಕು ಅನ್ನೋದಕ್ಕ ಆ ಎರಡು ವರ್ಷನ ನೋಡ್ರಿ. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ತಂದರು. 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕ ಇಳೀತು. ಅದೂ ಕೃಪಾಂಕ ಶೇ 10 ಇದ್ದದ್ದು 20 ಮಾಡಿದ ಮ್ಯಾಲೆ. ಹಿಂದಿನ ವರ್ಷ ರಾಜ್ಯಕ್ಕ ಮೊದಲು ಬಂದಿದ್ದ ಚಿತ್ರದುರ್ಗ 21ನೇ ಸ್ಥಾನಕ್ಕ ಹೋಯ್ತು. ಒಂದು ವರ್ಷದಾಗ ಆ ಜಿಲ್ಲೆ ಮಕ್ಕಳು ದಡ್ಡರಾದ್ರಾ? ಮೇಷ್ಟ್ರು ಪಾಠ ಬಿಟ್ರಾ? ಬದಲಾಗಿದ್ದು ಕ್ಯಾಮೆರಾ.

ಈಗ ನನ್ನ ಕ್ಲಾಸ್ ಹೇಳ್ತೀನಿ. ಡಿಸೆಂಬರ್ ಬಂತಂದ್ರ ಪಾಠ ಬಂದ್, 'ಪಾಸಿಂಗ್ ಪ್ಯಾಕೇಜ್' ಶುರು. ಗಣಿತದಾಗ ರಚನೆ, ನಕ್ಷೆ, ಒಂದು ಪ್ರಮೇಯ. ವಿಜ್ಞಾನದಾಗ ಹೃದಯದ ಚಿತ್ರ ಬರೆದು ಭಾಗ ಗುರುತಿಸೋದು. ಮುಂಜಾನೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ಒಬ್ಬೊಬ್ಬ ಮೇಷ್ಟ್ರಿಗೆ ಇಷ್ಟಿಷ್ಟು ಮಕ್ಕಳು ದತ್ತು. ಹೃದಯದ ಚಿತ್ರ ಕಣ್ಣು ಮುಚ್ಚಿ ಬರೀತಾನ ಹುಡುಗ. 'ರಕ್ತ ಯಾವ ಕಡೆಯಿಂದ ಯಾವ ಕಡೆ ಹೋಗ್ತದಪ್ಪಾ?' ಅಂದ್ರ ನನ್ನ ಮುಖ ನೋಡ್ತಾನ. ಅದು ಪ್ಯಾಕೇಜ್‌ದಾಗ ಇಲ್ಲ.

ಆದರ ಒಂದು ಮಾತು. ಆ ಹುಡುಗ ಪಾಸಾದರ ಐಟಿಐ ಸೇರ್ತಾನ. ಫೇಲಾದರ ಗುಳೆ. ಅದಕ್ಕ ಪ್ಯಾಕೇಜ್ ಬೈಯ್ಯೋ ನಾನೇ ಪ್ಯಾಕೇಜ್ ಮಾಡ್ತೀನಿ.

ಅಟ್ಲಾಂಟ ಕನ್ನಡತಿ

ಚಿತ್ರದುರ್ಗದ ಕಥೆ ಓದಿ ನಮ್ಮೂರಿನದು ನೆನಪಾಯಿತು. ಇಲ್ಲಿ ಅಮೆರಿಕದ ಅಟ್ಲಾಂಟದ ಸರ್ಕಾರಿ ಶಾಲೆಗಳಲ್ಲಿ ಅಂಕ ಏರಿದರೆ ಬಹುಮಾನ, ಏರದಿದ್ದರೆ ಪ್ರಿನ್ಸಿಪಾಲರ ಕೆಲಸಕ್ಕೇ ಕುತ್ತು ಅನ್ನುವ ಪರಿಸ್ಥಿತಿ ಇತ್ತು. ಅಂಕ ಏರಿದವು. ಎಲ್ಲರೂ ಚಪ್ಪಾಳೆ ಹೊಡೆದರು. 2009ರ ಉತ್ತರ ಪತ್ರಿಕೆಗಳಲ್ಲಿ ತಪ್ಪು ಅಳಿಸಿ ಸರಿ ಮಾಡಿದ ಗುರುತುಗಳು ವಿಪರೀತ ಇವೆಯಲ್ಲ ಅಂತ ತನಿಖೆ ಆಯಿತು. 2011ರ ವರದಿಯಲ್ಲಿ 44 ಶಾಲೆಗಳ 178 ಶಿಕ್ಷಕರು, ಪ್ರಿನ್ಸಿಪಾಲರ ಹೆಸರು ಬಂತು. 2015ರಲ್ಲಿ 11 ಜನರ ಮೇಲೆ ಅಪರಾಧ ಸಾಬೀತಾಯಿತು. ಆ ಅಂಕ ನಂಬಿಕೊಂಡು, ಸಹಾಯ ಬೇಕಿದ್ದ ಮಕ್ಕಳಿಗೆ ಸಹಾಯವೂ ಸಿಗಲಿಲ್ಲ. 'ಓದು ಬರುತ್ತೆ' ಅಂತ ಕಾಗದದಲ್ಲಿ ಇತ್ತಲ್ಲ.

ನುಡಿಗ

60 ಪದದ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ? 2021ರಲ್ಲಿ ಬಂದ ಕೇಂದ್ರದ ಬುನಾದಿ ಕಲಿಕೆ ಯೋಜನೆ ನಿಪುಣ್ ಭಾರತ್‌ನಲ್ಲಿ ಮೂರನೇ ತರಗತಿ ಮುಗಿಯುವಷ್ಟರಲ್ಲಿ ಮಗು ನಿಮಿಷಕ್ಕೆ ಕನಿಷ್ಠ 60 ಪದ ಅರ್ಥ ಮಾಡಿಕೊಂಡು ಓದಬೇಕು ಅಂತಿದೆ. ಯಾವ ಭಾಷೆಯ ಪದ ಸ್ವಾಮಿ?

'ಅಜ್ಜಿ ಸಂತೆಗೆ ಹೋಗಬೇಕಾಗಿತ್ತು' ಮೂರು ಪದ. ಇದನ್ನೇ ಹಿಂದಿಯಲ್ಲಿ 'ದಾದೀ ಕೋ ಬಾಜಾರ್ ಜಾನಾ ಥಾ' ಅಂದರೆ ಐದು. ಹಿಂದಿ ಮಗು ಐದು ಪದ ಓದಿದೆ, ನಮ್ಮ ಮಗು ಮೂರೇ! ನಮ್ಮಲ್ಲಿ ಎಲ್ಲ ಪ್ರತ್ಯಯವೂ ಪದಕ್ಕೇ ಅಂಟಿಕೊಳ್ಳುತ್ತವೆ, ಮೇಲೆ ಒತ್ತಕ್ಷರ ಬೇರೆ. 2022ರಲ್ಲಿ ಕೇಂದ್ರವೇ ಮಾಡಿಸಿದ ಬುನಾದಿ ಕಲಿಕೆ ಅಧ್ಯಯನದಲ್ಲಿ ಭಾಷೆಗೊಂದು ಮಟ್ಟ ಬೇರೆ ಬೇರೆ ಇಟ್ಟರು. ಅಂದರೆ ಗೊತ್ತಿದೆ ಅವರಿಗೆ. ಆದರೆ ಶಾಲೆಗೆ ಬಂದು ಸ್ಟಾಪ್‌ವಾಚ್ ಹಿಡಿದು ಕೂರುವವರ ತಲೆಯಲ್ಲಿ ಇನ್ನೂ 60 ಇದೆ. ಮಕ್ಕಳೂ ಜಾಣರು, ಉಸಿರು ಕಟ್ಟಿ ಓದುತ್ತಾರೆ. ಅಜ್ಜಿ ಎಲ್ಲಿಗೆ ಹೋಗಬೇಕಿತ್ತು ಅಂತ ಕೇಳಿದರೆ ಗೊತ್ತಿಲ್ಲ.

ಮೂರನೇ ಮಹಡಿ ಮಿಸ್

ನಾನು ಖಾಸಗಿ ಸಿಬಿಎಸ್‌ಇ ಶಾಲೆ. ನಿಮಗೆಲ್ಲ ಪಾಠ ಹಂಚಿಕೆ ತಿಂಗಳ ಲೆಕ್ಕ. ನಮಗೆ ನಿಮಿಷದ ಲೆಕ್ಕ. ಪೀಠಿಕೆ 5 ನಿಮಿಷ, ವಿಡಿಯೊ 8 ನಿಮಿಷ, ವರ್ಕ್‌ಶೀಟ್ 12 ನಿಮಿಷ. ಎಲ್ಲ ಸೆಕ್ಷನ್‌ನಲ್ಲೂ ಅದೇ ದಿನ ಅದೇ ಪುಟ. ಮಗು ಪ್ರಶ್ನೆ ಕೇಳಿದರೆ ಖುಷಿ ಪಡೋ ಬದಲು ಗಡಿಯಾರ ನೋಡುತ್ತೇನೆ. ಪೋರ್ಷನ್ ಹಿಂದೆ ಬಿದ್ದರೆ ಮೊದಲು ಪೇರೆಂಟ್ಸ್ ಗ್ರೂಪ್‌ನಲ್ಲೇ ಗಲಾಟೆ, 'ಬಿ ಸೆಕ್ಷನ್‌ನವರು ಆಗಲೇ ಮುಂದಿನ ಚಾಪ್ಟರ್‌ಗೆ ಹೋದರಂತೆ' ಅಂತ. ಜಯನಗರದ ಅಪ್ಪ ಸರ್, ನಿಮ್ಮ ಬಗ್ಗೆ ಅಲ್ಲ, ಸುಮ್ನೆ ಹೇಳಿದೆ.

ಜಯನಗರದ ಅಪ್ಪ

ಇಲ್ಲ ಮೇಡಂ, ನಮ್ಮ ಗ್ರೂಪೂ ಹಾಗೇ ಇದೆ. ಆ ಮೆಸೇಜಿಗೆ ಹೆಬ್ಬೆಟ್ಟು ಒತ್ತಿದವರಲ್ಲಿ ನನ್ನ ಹೆಂಡತಿಯೂ ಒಬ್ಬರು 🙏

ಕ್ಲಸ್ಟರ್ ಕಾಲಾಳು

ನಾನು ಸಿಆರ್‌ಪಿ, ಅಂದರೆ ಒಂದಷ್ಟು ಶಾಲೆಗಳ ಕ್ಲಸ್ಟರ್‌ಗೆ ಸಂಪನ್ಮೂಲ ವ್ಯಕ್ತಿ. ನೀವೆಲ್ಲ ಬೈಯೋ ಆ ಕೆಂಪು ಎಕ್ಸೆಲ್ ಹಾಕೋನು ನಾನೇ. ಬೈಯಿರಿ, ಪರವಾಗಿಲ್ಲ, ಆದರೆ ಅದು ಎಲ್ಲಿಂದ ಬರುತ್ತೆ ಅಂತ ಕೇಳಿ.

ಮಧ್ಯಾಹ್ನ ಮೂರಕ್ಕೆ 'ಅತಿ ಜರೂರು' ಅಂತ ಮೆಸೇಜ್ ಬರುತ್ತೆ. ನಾಲ್ಕಕ್ಕೆ ಮಾಹಿತಿ ಬೇಕು. ತೆಗೆದು ನೋಡಿದರೆ ಆ ಮಾಹಿತಿ ರಾಜ್ಯದ ಸ್ಯಾಟ್ಸ್ ಪೋರ್ಟಲ್‌ನಲ್ಲಿ ಇದೆ, ಕೇಂದ್ರದ ಯು-ಡೈಸ್‌ನಲ್ಲೂ ಇದೆ. ಆದರೂ ಮತ್ತೆ ಗೂಗಲ್ ಫಾರ್ಮ್. ಯಾಕೆಂದರೆ ಕೇಳುವ ಶಾಖೆಯವರಿಗೆ ಆ ಲಾಗಿನ್ ಇಲ್ಲ, ಇದ್ದರೂ ಅವರಿಗೆ ಬೇಕಾದ ನಮೂನೆಯಲ್ಲಿ ಇಲ್ಲ. ಮೇಲಿನವರಿಗೆ ಅವರ ಮೇಲಿನವರು ಪ್ರಗತಿ ಪರಿಶೀಲನಾ ಸಭೆಯಲ್ಲಿ ಕೇಳುತ್ತಾರೆ. ಅಲ್ಲಿ ಪಿಪಿಟಿಯಲ್ಲಿ ಎಲ್ಲ ತಾಲ್ಲೂಕನ್ನೂ ಮೇಲಿಂದ ಕೆಳಗೆ ಜೋಡಿಸಿರುತ್ತಾರೆ. ಕೊನೆಗೆ ಬಂದವರನ್ನು ಎದ್ದು ನಿಲ್ಲಿಸುತ್ತಾರೆ. ಇಷ್ಟೇ ಕಥೆ.

ಹೆಸರಿಗೆ ನಾನು ಸಂಪನ್ಮೂಲ ವ್ಯಕ್ತಿ. ತರಗತಿಯಲ್ಲಿ ಕೂತು ನೋಡಿ, ಮೇಷ್ಟ್ರ ಜೊತೆ ಚರ್ಚೆ ಮಾಡಿ, ಸಾಧ್ಯವಾದರೆ ಒಂದು ಮಾದರಿ ಪಾಠ ಮಾಡಬೇಕು. ನಾನೂ ಒಳ್ಳೇ ಗಣಿತದ ಮೇಷ್ಟ್ರೇ ಸ್ವಾಮಿ. ಆದರೆ ಶಾಲೆಗೆ ಬಂದಾಗ ಬೈಕ್ ಮೇಲೆ ಕೂತೇ ರಿಜಿಸ್ಟರ್ ಫೋಟೊ ತೆಗೆದುಕೊಂಡು ಮುಂದಿನ ಶಾಲೆಗೆ ಓಡುತ್ತೇನೆ. ಹಳ್ಳಿಮೇಷ್ಟ್ರ ಪ್ರಶ್ನೆಗೆ ಉತ್ತರ ಅದೇ. ಅಂಕಿ ವಾಪಸ್ ತರಬೇಕಾದವನು ನಾನು. ನನ್ನನ್ನು ಮೇಲಕ್ಕೆ ಹೊರೋಕೆ ಮಾತ್ರ ಇಟ್ಟುಕೊಂಡಿದ್ದಾರೆ.

ಕಪ್ಪುಕೋಟು

ಕಾನೂನಿನ ಮಾತು ಸ್ವಲ್ಪ ಸೇರಿಸುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆ 2009, ಕಲಂ 24. ಶಿಕ್ಷಕರ ಕರ್ತವ್ಯಗಳು ಅಲ್ಲಿವೆ. ನಿಗದಿತ ಸಮಯದೊಳಗೆ ಪೂರ್ತಿ ಪಠ್ಯಕ್ರಮ ಮುಗಿಸಬೇಕು ಅಂತ ಒಂದಿದೆ. ಅದರ ಮುಂದಿನದ್ದೇ, ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ನೋಡಿ, ಬೇಕಾದರೆ ಹೆಚ್ಚುವರಿ ಪಾಠ ಮಾಡಬೇಕು ಅಂತ. ನಿಮ್ಮ ಜಗಳ ಪೂರ್ತಿ ಆ ಎರಡು ಸಾಲಿನ ನಡುವೆ ಇದೆ. ಭೇಟಿಗೆ ಬರುವವರು ಮೊದಲನೆಯದನ್ನು ಮಾತ್ರ ಓದಿಕೊಂಡು ಬಂದಿರುತ್ತಾರೆ. ನೀವು ಎರಡನೆಯದನ್ನು ತೋರಿಸಿ.

ಕಲಂ 27 ಇನ್ನೂ ನೇರ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಈ ಮೂರು ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಾಕುವಂತಿಲ್ಲ. 2025ರ ದಸರಾದಲ್ಲಿ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ನಿಮ್ಮನ್ನು ಮನೆಮನೆಗೆ ಕಳಿಸಿ, ಅದು ಮುಗಿಯಲಿಲ್ಲ ಅಂತ ಅಕ್ಟೋಬರ್ 18ರವರೆಗೆ ಶಾಲೆಗೇ ರಜೆ ಕೊಟ್ಟರಲ್ಲ, ಆ ಮೂರರಲ್ಲಿ ಅದು ಯಾವುದು ಅಂತ ನೀವೇ ನೋಡಿ. ಹೋದ ದಿನಗಳಿಗೆ ಪಾಠ ಹಂಚಿಕೆಯನ್ನೂ ಅಷ್ಟೇ ಹಗುರ ಮಾಡಬೇಕಿತ್ತು.

ಇನ್ನು 5, 8, 9ಕ್ಕೆ ಬೋರ್ಡ್ ಪರೀಕ್ಷೆ ಮಾಡೋಕೆ ಹೋಗಿ 2024ರಲ್ಲಿ ಆದ ಫಜೀತಿ ಎಲ್ಲರಿಗೂ ಗೊತ್ತು. ಹೈಕೋರ್ಟ್ ಏಕಸದಸ್ಯ ಪೀಠ ರದ್ದು ಮಾಡಿತು, ಮರುದಿನವೇ ವಿಭಾಗೀಯ ಪೀಠ ತಡೆ ಕೊಟ್ಟಿತು, ಪರೀಕ್ಷೆ ನಡೆಯಿತು, ಕೊನೆಗೆ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶವನ್ನೇ ತಡೆಹಿಡಿಯಿತು. ಐದನೇ ಕ್ಲಾಸಿನ ಮಗು 'ನಾನು ಪಾಸಾ?' ಅಂದರೆ ಅಪ್ಪ-ಅಮ್ಮ ಪೇಪರ್ ನೋಡಬೇಕಾಯಿತು.

ನೇರಳೆಮರ

ಕಲಂ ತೋರಿಸು ಅಂತೀರಿ ವಕೀಲರೇ. ತೋರಿಸಿದ ಮರುದಿನ ನೋಟಿಸ್ ಬಂದರೆ ನೀವು ಬರ್ತೀರಾ?

ಕಪ್ಪುಕೋಟು

ಫೀಸ್ ಇಲ್ಲದೆ ಬರ್ತೀನಿ. ಬಸ್ ಚಾರ್ಜ್ ಕೊಡಿ.

ಹಳ್ಳಿಮೇಷ್ಟ್ರು

ಎಲ್ಲರದ್ದೂ ಓದಿದೆ. ಟೀಚರಮ್ಮ, ನೀವು ಗೋಡೆ ಮೇಲಿದ್ದ ಪ್ರಗತಿ ನೋಟ ಅಂದಿರಲ್ಲ, ನಾನು ಹೇಳೋಕೆ ಒದ್ದಾಡುತ್ತಿದ್ದದ್ದು ಅದೇ. ಲೆಕ್ಕ ಇಡೋದು ಬೇಡ ಅಂತ ನಾನು ಯಾವತ್ತೂ ಹೇಳಲ್ಲ. ಯಾವ ಮಗುವಿಗೆ ಸಾಲ ತಗೊಳ್ಳೋ ಕಳೆಯುವ ಲೆಕ್ಕ ಬರಲ್ಲ ಅಂತ ನನ್ನ ಪುಸ್ತಕದಲ್ಲಿ ಇದೆ, ಹೆಸರಿನ ಸಮೇತ. ಪೋರ್ಟಲ್‌ಗೆ ಹೋಗೋದು '10ಕ್ಕೆ 4' ಅಂತ ಮಾತ್ರ. ಆ 4 ಹೇಗೆ ಬಂತು, ಉಳಿದ 6 ಎಲ್ಲಿ ಹೋಯ್ತು ಅಂತ ಅದರಲ್ಲಿ ಇಲ್ಲ. ಹೂವಿನ ಹುಡುಗಿಗೂ 4, ಏನೂ ತಿಳಿಯದೆ ಪಕ್ಕದವನದ್ದು ನೋಡಿ ಬರೆದವನಿಗೂ 4. ಇಬ್ಬರಿಗೂ ಬೇಕಾದ ಪಾಠ ಒಂದೇನಾ?

ಯಾದಗಿರಿ ಗುರುಗಳೇ, ನಿಮ್ಮ ಪ್ಯಾಕೇಜ್ ಬಗ್ಗೆ ನಾನು ಏನೂ ಹೇಳಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ನಾಲ್ಕನೇ ಕ್ಲಾಸಿಗೇ ಪ್ಯಾಕೇಜ್ ಇಳಿದು ಬರುತ್ತಿದೆ ಅನ್ನೋದು ನನ್ನ ಹೆದರಿಕೆ.

ಒಂದು ವಾರ ಗುಣಾಕಾರ ನಿಲ್ಲಿಸಿ, ಬೆಳಗಿನ ಅವಧಿ ಪೂರ್ತಿ ವ್ಯವಕಲನಕ್ಕೆ ಕೊಡೋಣ ಅಂತಿದ್ದೇನೆ. ಅವಳು ಬಾಯಲ್ಲಿ ಮಾಡೋ ರೀತಿಯನ್ನೇ ಬೋರ್ಡ್ ಮೇಲೆ ಗೆರೆ ಎಳೆದು ಬರೆಸೋದು. 27ರಿಂದ 30ಕ್ಕೆ ಒಂದು ಜಿಗಿತ, 30ರಿಂದ 52ಕ್ಕೆ ಇನ್ನೊಂದು ಜಿಗಿತ. ಎರಡನ್ನೂ ಕೂಡಿಸಿದರೆ ಉತ್ತರ. ಬೇರೆ ಮಕ್ಕಳಿಗೂ ಅವಳೇ ಹೇಳಿಕೊಡಲಿ. ಆಮೇಲೆ ಕಡ್ಡಿ ಕಟ್ಟು ಬಿಚ್ಚಿ ದಶಕ ಒಡೆಯೋದು ತೋರಿಸುತ್ತೇನೆ. ಆದರೆ ಪಾಠ ದಿನಚರಿಯಲ್ಲಿ ಏನಂತ ಬರೆಯಲಿ? ಅಲ್ಲಿ ಗುಣಾಕಾರ ಅಂತ ಬರೆದು ಇಲ್ಲಿ ಬೇರೆ ಮಾಡೋದು ನನಗೆ ಇಷ್ಟ ಇಲ್ಲ.

ಕ್ಲಸ್ಟರ್ ಕಾಲಾಳು

'ಪರಿಹಾರ ಬೋಧನೆ' ಅಂತ ಬರೆಯಿರಿ ಗುರುಗಳೇ. ಕೆಳಗೆ ಆ ಮಕ್ಕಳ ಹೆಸರು, ಯಾವ ಸಾಮರ್ಥ್ಯ ಅಂತ ಎರಡು ಸಾಲು. ವಾರ ಆದ ಮೇಲೆ ಅದೇ ಮಕ್ಕಳಿಗೆ ಐದು ಲೆಕ್ಕ ಕೊಟ್ಟು, ಆ ಹಾಳೆ ಅಲ್ಲೇ ಪಿನ್ ಮಾಡಿಡಿ. ಯಾರು ಬಂದರೂ ತಕರಾರು ತೆಗೆಯೋಕೆ ಆಗಲ್ಲ. ಮುಂದಿನ ಸಮಾಲೋಚನಾ ಸಭೆಗೆ ಆ ಜಿಗಿತದ ಗೆರೆ ತಂದು ಉಳಿದವರಿಗೂ ತೋರಿಸೋದಾದರೆ, ಇಪ್ಪತ್ತು ನಿಮಿಷ ನಿಮಗೆ ಬಿಟ್ಟುಕೊಡಿ ಅಂತ ನಿಮ್ಮ ಕ್ಲಸ್ಟರ್‌ನವರಿಗೆ ಹೇಳಿ. ನಮ್ಮ ಕ್ಲಸ್ಟರ್‌ನಲ್ಲಿ ನಾನು ಕೊಡ್ತೀನಿ.

ಯಾದಗಿರಿಯವ

ಅದರ ಫೋಟೊ ಇಲ್ಲೂ ಹಾಕ್ರಿ ಸರ. ನಮ್ಮ ಎಂಟನೇ ಕ್ಲಾಸಿನಾಗೂ 35 ಬರೆಯೋರು ಅದಾರ.